‘ನಿಮ್ಮ ಹೆಸರೇನು?’ ಎಂದು ಕೇಳಿದ ಗಂಡ: ಒಂದು ಆಪ್ತಸಲಹೆ ಪ್ರಕರಣ

ಮುಂಬಯಿ ಪಕ್ಕದ ಡೊಂಬಿವಲಿಯ ಕನ್ನಡ ದಂಪತಿ. ಮದುವೆಯಾಗಿ 15 ವರ್ಷ, 12 ವರ್ಷದ ಮಗಳು, ಜೊತೆಯಲ್ಲಿ ಆತನ ತಾಯಿ. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಆತ ಫೋನಿನಲ್ಲಿ ಹೇಳಿದ ದೂರು ಇಷ್ಟೇ. ಸೋದರಮಾವನ ವೈಕುಂಠ ಸಮಾರಾಧನೆಯ ದಿನ ಹೆಂಡತಿ ನೆಂಟರೆಲ್ಲರ ಎದುರು ಊಟದ ಎಲೆಯ ಮುಂದಿನಿಂದ ಅಳುತ್ತ ಎದ್ದು ಹೋಗಿದ್ದಾಳೆ. ಅಂದಿನಿಂದ ಮಾತಿಲ್ಲ. ಕಾರಣ ಕೇಳಿದರೆ ‘ನಿಮಗೆ ಗೊತ್ತು’ ಎನ್ನುತ್ತಾಳೆ.

ಯಾವ ದಂಪತಿ ಬಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನೀವು ಒಬ್ಬರನ್ನೊಬ್ಬರು ಮೊದಲು ನೋಡಿದ್ದು ಎಲ್ಲಿ? ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಸಂಗಡಿಗರು 52 ದಂಪತಿಗಳನ್ನು ಹೀಗೆಯೇ ಮಾತನಾಡಿಸಿ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳೆಯ ದಿನಗಳನ್ನು ಅವರು ಹೇಗೆ ಹೇಳಿಕೊಳ್ಳುತ್ತಾರೆ ಎಂಬುದರಲ್ಲಿಯೇ ಮುಂದೆ ಬೇರೆಯಾಗುವವರ ಸುಳಿವು ಇತ್ತು ಎಂದು ಅವರು ತೋರಿಸಿದರು. ನನಗೆ ಆ ಪ್ರಶ್ನೆ ಭವಿಷ್ಯ ನುಡಿಯುವುದಕ್ಕಲ್ಲ. ಹೇಳುವಾಗ ಯಾರ ದನಿ ಎಲ್ಲಿ ಕುಗ್ಗುತ್ತದೆ ಎಂದು ಕೇಳಿಸಿಕೊಳ್ಳುವುದಕ್ಕೆ.

ಆತ ಯೋಚಿಸದೆ ಉತ್ತರಿಸಿದ: “ನಮ್ಮ ಮಾವ ತಂದ ಸಂಬಂಧ, ಮೇಡಂ.”

ಆಕೆ ನನ್ನ ಕಡೆ ತಿರುಗಿದಳು. “ನೋಡಿದಿರಾ? ನಿಮ್ಮ ಹತ್ತಿರವೂ ಅದನ್ನೇ ಹೇಳುತ್ತಾರೆ.”

ಅಲ್ಲಿಂದ ಕಥೆ ಹೊರಬಿತ್ತು. ಇಬ್ಬರೂ ಮೊದಲು ಕಂಡದ್ದು ಮುಂಬಯಿಯ ಮಾಟುಂಗದಲ್ಲಿ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ಸಭಾಂಗಣದಲ್ಲಿ, ಒಂದು ಕನ್ನಡ ನಾಟಕ ಮುಗಿದ ರಾತ್ರಿ. ಇಬ್ಬರ ಮನೆಯೂ ಡೊಂಬಿವಲಿ. ಕೆಲವೇ ನಿಲ್ದಾಣಗಳಲ್ಲಿ ನಿಲ್ಲುವ ಫಾಸ್ಟ್ ಲೋಕಲ್ ಗಾಡಿ ಮಾಟುಂಗದಲ್ಲಿ ನಿಲ್ಲುವುದಿಲ್ಲ. ಸ್ಲೋ ಹತ್ತಿ ಕುರ್ಲಾದಲ್ಲಿ ಇಳಿದು ಫಾಸ್ಟ್ ಹಿಡಿಯುವುದು ಅಲ್ಲಿಯವರ ವಾಡಿಕೆ. ನಾನು ಅವರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದಾಗ ಇಬ್ಬರೂ ಒಂದೇ ಮಾತು ಹೇಳಿದರು: ಕುರ್ಲಾ ಬಂದದ್ದು ಗೊತ್ತಾಗದವರಂತೆ ಕುಳಿತೇ ಇದ್ದೆ. ವಿದ್ಯಾವಿಹಾರ, ವಿಕ್ರೋಲಿ, ಕಾಂಜೂರ್‌ಮಾರ್ಗ್, ಭಾಂಡುಪ್ ಎಂದು ಒಂದೊಂದು ನಿಲ್ದಾಣದಲ್ಲೂ ನಿಂತು ಹೋಗುವ ಗಾಡಿ ಅಂದು ಇಬ್ಬರಿಗೂ ಬೇಕಾಗಿತ್ತು. ಇನ್ನೊಬ್ಬರೂ ಬೇಕೆಂದೇ ಇಳಿಯಲಿಲ್ಲ ಎಂಬುದು 15 ವರ್ಷ ಸಂಸಾರ ಮಾಡಿದ ಮೇಲೂ ಯಾರಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಪ್ರೀತಿ. ಸಮುದಾಯ ಒಂದೇ, ಒಳಪಂಗಡ ಬೇರೆ. ನೋಂದಣಿ ಮದುವೆಯ ಯೋಚನೆಯೂ ಬಂದಿತ್ತು. ಆದರೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮೊದಲೇ ಸೂಚನೆ ಕೊಟ್ಟು 30 ದಿನ ಕಾಯಬೇಕು. ಆ ಸೂಚನೆ ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುತ್ತದೆ. ಅದಕ್ಕೆ ಹೆದರಿ ಸೋದರಮಾವನ ಮೊರೆಹೊಕ್ಕರು. ಆತ ಜಾತಕ ಹಿಡಿದು ಅಕ್ಕನ ಮನೆಗೆ ಹೋಗಿ, ‘ಒಳ್ಳೆಯ ಹುಡುಗಿಯೊಬ್ಬಳಿದ್ದಾಳೆ’ ಎಂದ. ಹೆಣ್ಣು ನೋಡುವ ಶಾಸ್ತ್ರವೂ ಆಯಿತು. ಆಕೆ ಸೀರೆ ಉಟ್ಟು ಕಾಫಿಯ ತಟ್ಟೆ ಹಿಡಿದು ಬಂದಾಗ, ಎರಡು ವರ್ಷ ಜೊತೆಯಲ್ಲಿ ಓಡಾಡಿದವನು ಲೋಟ ಎತ್ತಿಕೊಳ್ಳುತ್ತ ಕೇಳಿದ: “ನಿಮ್ಮ ಹೆಸರೇನು?”

ಅಂದು ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕವಳು ಇಂದು ಅದನ್ನು ಹೇಳುತ್ತ ಅತ್ತಳು. ಅತ್ತೆ ಬಂದವರಿಗೆಲ್ಲ ‘ನನ್ನ ತಮ್ಮ ಹುಡುಕಿದ, ನಾನು ಆರಿಸಿದೆ’ ಎಂದು ಹೇಳುತ್ತ ಬಂದಿದ್ದಾರೆ. ಪ್ರತಿ ಸಲವೂ ಈತ ಹೌದೆಂದು ತಲೆಯಾಡಿಸಿದ್ದಾನೆ. ‘ನನ್ನನ್ನು ಇವರು ಆರಿಸಿಕೊಂಡರು ಎಂದು ತಿಳಿದಿದ್ದ ಒಬ್ಬರೇ ಒಬ್ಬರು ಮಾವ. ಅವರೂ ಹೋದರು’ ಎಂದಳು. ಸಮಾರಾಧನೆಯ ಊಟದಲ್ಲಿ ಅತ್ತೆ ಅದೇ ಮಾತು ಎತ್ತಿದಾಗ ಈತ ಅಭ್ಯಾಸದಂತೆ ಮತ್ತೆ ತಲೆಯಾಡಿಸಿದ. ಆಕೆ ಎದ್ದದ್ದು ಆಗ.

ಪ್ರೀತಿಸಿ ಮದುವೆಯಾಗಿ, ಅದಕ್ಕೆ ಹಿರಿಯರು ಕೂಡಿಸಿದ ಮದುವೆಯ ಅಂಗಿ ತೊಡಿಸಿದವರು ನನ್ನ ಬಳಿಗೆ ಹಲವರು ಬಂದಿದ್ದಾರೆ. ಆ ಸುಳ್ಳನ್ನು ನಾನು ತಪ್ಪೆನ್ನಲಾರೆ. ಎರಡು ಮನೆಗಳನ್ನು ಒಡೆಯದೆ ಕೂಡಿಸಿದ ಸುಳ್ಳು ಅದು, ಇಬ್ಬರೂ ಸೇರಿ ಹೇಳಿದ್ದು. ಆದರೆ ಮದುವೆಯ ನಂತರ ಅದರ ಭಾರ ಸಮನಾಗಿ ಉಳಿಯಲಿಲ್ಲ. ಆತ ತಾಯಿಯ ಮಾತು ಕೇಳಿದ ಮಗನಾಗಿ ಹೆಸರು ಪಡೆದ. ಆಕೆ ಯಾರೋ ತಂದ ಹುಡುಗಿಯಾಗಿ ಉಳಿದಳು.

ತಾಯಿಯನ್ನೂ ಕರೆತನ್ನಿ, ಇಲ್ಲಿಯೇ ಮಾತನಾಡೋಣ ಎಂದು ನಾನು ಹೇಳಿದೆ. ಆಕೆ ಖಂಡಿತ ಬೇಡ ಎಂದಳು: “ಎಪ್ಪತ್ತು ದಾಟಿದವರನ್ನು ಹೊರಗಿನವರ ಎದುರು ಕೂರಿಸಿ ನೀವು ಮೋಸಹೋದಿರಿ ಎನ್ನುವುದೇ?” ಆಕೆಯ ಮಾತೇ ಸರಿಯಾಗಿತ್ತು. ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡೆ.

ಬದಲಿಗೆ ಮೊದಲು ಆತನಿಗೆ ಹೇಳಿದ್ದು: ಕ್ಷಮೆ ಕೇಳುವುದಾದರೆ ಆ ಶಾಸ್ತ್ರದ ನಾಟಕಕ್ಕಲ್ಲ, ಆಮೇಲೆ 15 ವರ್ಷ ತಲೆಯಾಡಿಸಿದ್ದಕ್ಕೆ ಕೇಳಿ. ಇನ್ನು ಆ ಮಾತು ಬಂದಾಗ ತಲೆಯಾಡಿಸಬೇಡಿ. ಮಗಳಿಗೆ ಮೊದಲು ಹೇಳಿ ‘ಅಜ್ಜಿಗೆ ಹೇಳಬೇಡ’ ಎನ್ನುವುದಂತೂ ಕೂಡದು. ದೊಡ್ಡವರು ಹೊರಲಾರದ ಗುಟ್ಟನ್ನು ಮಗುವಿನ ತಲೆಯ ಮೇಲೆ ಇಡಬಾರದು. ತಾಯಿಗೆ ಹೇಳುವವರು ನೀವೇ ಆಗಿರಬೇಕು, ಹೆಂಡತಿ ಪಕ್ಕದಲ್ಲಿ ಇರಬಾರದು. ಇದ್ದರೆ ತಾಯಿಯ ಸಿಟ್ಟು ಸೊಸೆಯ ಕಡೆಗೆ ತಿರುಗುತ್ತದೆ. ಹಬ್ಬದ ದಿನ ಬೇಡ, ನೆಂಟರು ಇರುವಾಗ ಬೇಡ. ತೀರಿಹೋದ ಮಾವನ ಮೇಲೆ ಹೊರಿಸಬೇಡಿ, ‘ನಾನೇ ಬೇಡಿಕೊಂಡೆ’ ಎನ್ನಿ. ಜೊತೆಗೆ ನಿಜವಾದ ಇನ್ನೊಂದನ್ನೂ ಹೇಳಿ: ಆಕೆಯನ್ನು ನೋಡಿ ತಾಯಿ ಮನಸಾರೆ ಒಪ್ಪಿದ್ದು ಸುಳ್ಳಾಗಿರಲಿಲ್ಲ.

ಆಕೆಗೆ ನಾನು ಹೇಳಿದ್ದು ಸ್ವಲ್ಪವೇ. ‘ನಿಮಗೆ ಗೊತ್ತು’ ಎನ್ನುವ ಬದಲು ನೋವಿಗೆ ಹೆಸರಿಟ್ಟು ಹೇಳಿ. ಅತ್ತೆ ತಕ್ಷಣ ನಕ್ಕುಬಿಡಲಿ ಎಂದು ಕಾಯಬೇಡಿ.

ಐದು ವಾರ ಕಳೆದು ಇಬ್ಬರೂ ಬಂದರು. ಒಂದು ಭಾನುವಾರ ಮಧ್ಯಾಹ್ನ ತಾಯಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಾಗ ಆತ ಎದುರು ಕುಳಿತು ಎಲ್ಲವನ್ನೂ ಹೇಳಿದನಂತೆ. ಅವರು ಸೊಪ್ಪು ಮುಗಿಯುವವರೆಗೆ ತಲೆ ಎತ್ತಲಿಲ್ಲ. ಎರಡು ದಿನ ಮಾತನಾಡಲಿಲ್ಲ. ಅವರಿಗೆ ನೋವಾದದ್ದು ಪ್ರೀತಿಯ ವಿಷಯಕ್ಕಲ್ಲ, ಒಡಹುಟ್ಟಿದ ತಮ್ಮ ಕೊನೆಯವರೆಗೂ ತನ್ನಿಂದ ಮುಚ್ಚಿಟ್ಟದ್ದಕ್ಕೆ. ಆ ನೋವು ಇನ್ನೂ ಆರಿಲ್ಲ, ತಮ್ಮನ ಫೋಟೋದ ಎದುರು ನಿಂತು ಗೊಣಗುತ್ತಾರೆ.

ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಬಂದು ಸೊಸೆಯನ್ನು ಕೇಳಿದರಂತೆ: “ಆವತ್ತಿನ ಕಾಫಿಯನ್ನಾದರೂ ನೀನೇ ಮಾಡಿದ್ದೆಯೋ?”

“ನಾನೇ ಮಾಡಿದ್ದು, ಅತ್ತೆ.”

“ಚೆನ್ನಾಗಿತ್ತು” ಎಂದು ಹೇಳಿ ಹೊರಗೆ ಹೋದರಂತೆ.