ಆಕೆ ಕೈ ಎತ್ತುವುದು ಹೇಗೆ?

ಫ್ಯಾಷನ್ ಡಿಸೈನ್ ಓದುವ ವಿಷಯಕ್ಕೆ ಮನೆಯವರೊಡನೆ ಜಗಳವಾಡಿ ಕಳೆದ ಮೂರು ವರ್ಷಗಳಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದ ಮಕ್ಕಳನ್ನು ಎಣಿಸಲು ಎರಡು ಕೈಯ ಬೆರಳು ಸಾಲುವುದಿಲ್ಲ. ಹೆಚ್ಚಿನವರು ಹುಡುಗಿಯರು. ಗದಗ, ಹಾವೇರಿ, ರಾಣೇಬೆನ್ನೂರು, ಕುಂದಗೋಳದ ಕಡೆಯವರು. ಟೇಲರ್ ಕೆಲಸ ಕಲಿಯುವುದಕ್ಕೆ ಲಕ್ಷಗಟ್ಟಲೆ ಏಕೆ ಎನ್ನುವ ಅಪ್ಪ, ಮದುವೆಯಾದ ಮೇಲೆ ಏನು ಬೇಕಾದರೂ ಮಾಡಿಕೊಳ್ಳಲಿ ಎನ್ನುವ ಅಮ್ಮ, ಊಟ ಬಿಟ್ಟು ಕುಳಿತ ಮಗಳು. ನನಗೆ ಬಾಯಿಪಾಠವಾಗಿಬಿಟ್ಟ ಕಥೆ ಇದು. ಈಗ ಬರೆಯುತ್ತಿರುವ ಪ್ರಕರಣ ಅದರ ಹತ್ತಿರದ್ದೇ ಆದರೂ ಒಂದು ವ್ಯತ್ಯಾಸವಿದೆ. ಇಲ್ಲಿ ಅಪ್ಪನೇ ಟೇಲರ್, ಬೇಡವೆಂದದ್ದೂ ಅವರೇ. ಗುರುತು ಸಿಗದಂತೆ ಊರು, ವಯಸ್ಸು, ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ತಂದೆ ಮಗ ಇಬ್ಬರೂ ಒಪ್ಪಿದ ಮೇಲೆಯೇ ಬರೆಯಲು ಕುಳಿತದ್ದು.

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಅವರದು ಲೇಡೀಸ್ ಟೇಲರ್ ಅಂಗಡಿ. ಎರಡು ಮಷೀನು, ಒಂದು ಕತ್ತರಿಸುವ ಹಲಗೆ. ಇಪ್ಪತ್ತಾರು ವರ್ಷದ ದುಡಿಮೆ. ಮಗ ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದ. ಧಾರವಾಡದಲ್ಲಿ ಬಿ.ಎ.ಗೆ ಸೇರಿಸಿ, ಜೊತೆಗೆ ಅಲ್ಲಿಯದೇ ಸಪ್ತಾಪುರ ಬಡಾವಣೆಯಲ್ಲಿ ಕೋಚಿಂಗಿಗೆ ಹಚ್ಚಿ, ಪಿಎಸ್‌ಐ ಅಲ್ಲದಿದ್ದರೆ ಎಫ್‌ಡಿಎ ಮಾಡಿಸಬೇಕೆಂಬುದು ತಂದೆಯ ಲೆಕ್ಕ. ಬಾಡಿಗೆ ಕೋಣೆ ನೋಡಲು ಬಂದವರು ದಾರಿಯಲ್ಲಿ ಜಗಳವಾಡಿ, ನನ್ನ ಬೋರ್ಡು ಕಂಡು ಮೆಟ್ಟಿಲು ಹತ್ತಿದ್ದರು. ಮಗ ಅಷ್ಟರಲ್ಲಿ ಹುಬ್ಬಳ್ಳಿಯ ಒಂದು ಖಾಸಗಿ ಸಂಸ್ಥೆಯಲ್ಲಿ ಐದು ಸಾವಿರ ರೂಪಾಯಿ ಕಟ್ಟಿ ಸೀಟು ಹಿಡಿದಿಟ್ಟಿದ್ದ. ಮೂರು ವರ್ಷಕ್ಕೆ ಒಟ್ಟು ನಾಲ್ಕು ಲಕ್ಷ ಚಿಲ್ಲರೆ. ನುಣುಪು ಕಾಗದದ ಕೈಪಿಡಿ, ಮೊದಲ ಪುಟದಲ್ಲಿ ರ‍್ಯಾಂಪ್ ಮೇಲೆ ನಡೆಯುವ ಹುಡುಗಿ, ಕೊನೆಯ ಪುಟದಲ್ಲಿ ನೂರಕ್ಕೆ ನೂರು ಉದ್ಯೋಗದ ಭರವಸೆ.

“ಅಕ್ಕಾವರೇ, ನಾನು ಮಾಡಿದರೆ ಹೊಲಿಗೆ. ಅದನ್ನೇ ನಾಲ್ಕು ಲಕ್ಷ ಕೊಟ್ಟು ಇವನು ಮಾಡಿದರೆ ಡಿಸೈನು. ನೀವೇ ಸ್ವಲ್ಪ ಬುದ್ಧಿ ಹೇಳಿ” ಎಂದರು ತಂದೆ. ಮಗ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ.

ಅಂದು ಹೆಚ್ಚೇನೂ ನಡೆಯಲಿಲ್ಲ. ಹೊರಡುವಾಗ ಬಾಗಿಲ ಬಳಿ ನಿಂತು, ಸಂಕೋಚದಿಂದಲೇ ಆ ಮನುಷ್ಯ ಇನ್ನೊಂದು ಮಾತು ಹೇಳಿದರು. “ತಪ್ಪು ತಿಳಿಯಬೇಡಿ. ನಿಮ್ಮ ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಕೆಳಗಿದೆ. ಜಂಪರ್ ಹೊಲಿದವರು ಅದನ್ನು ನೋಡಿಲ್ಲ. ಅದಕ್ಕೇ ಆ ಕಡೆ ಜಾರುತ್ತದೆ.” ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಹೌದು. ಎಷ್ಟೋ ವರ್ಷಗಳಿಂದ ಎಡಗಡೆ ಪಿನ್ ಚುಚ್ಚಿಕೊಳ್ಳುತ್ತಿದ್ದವಳಿಗೆ ಕಾರಣ ಆವತ್ತು ಗೊತ್ತಾಯಿತು.

ಎರಡನೆಯ ಭೇಟಿ ಹುಡುಗನೊಬ್ಬನೊಡನೆ. ಅವನಿಗೆ ಡಿಸೈನರ್ ಸಬ್ಯಸಾಚಿ ಮುಖರ್ಜಿಯ ಲೆಹೆಂಗಾಗಳು ಒಂದೊಂದಾಗಿ ನೆನಪಿದ್ದವು. ಯಾವ ಬಣ್ಣದ ಪಕ್ಕ ಯಾವುದನ್ನು ಇಟ್ಟರು, ಯಾಕೆ ಇಟ್ಟರು ಎಂಬುದನ್ನು ವಿವರಿಸುವಾಗ ಮುಖ ಅರಳುತ್ತಿತ್ತು. ನೀನು ಏನಾದರೂ ಹೊಲಿದಿದ್ದೀಯಾ ತಮ್ಮಾ ಎಂದು ಕೇಳಿದೆ. “ಡಿಸೈನರ್ ಹೊಲಿಯುವುದಿಲ್ಲ ಮೇಡಂ, ಅದಕ್ಕೆ ಮಾಸ್ಟರುಗಳಿರುತ್ತಾರೆ” ಎಂದ. ಟೇಲರನ ಮನೆಯಲ್ಲಿ ಹುಟ್ಟಿ ಬಾಬಿನ್‌ಗೆ ದಾರ ಸುತ್ತಲೂ ಬರದ ಹುಡುಗ! ಅಪ್ಪನ ಕೆಲಸದ ಬಗ್ಗೆ ಇವನಿಗೆ ತಾತ್ಸಾರವಿದೆ ಎಂದು ಅಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಆ ಸಾಲನ್ನು ಒಂದೇ ವಾರದಲ್ಲಿ ಹೊಡೆದುಹಾಕಬೇಕಾಯಿತು.

ಮೂರನೆಯ ಭೇಟಿಗೆ ಅವನ ಚಿತ್ರದ ಪುಸ್ತಕ ತರಲು ಹೇಳಿದ್ದೆ. ತಂದೆ ಎಂದಿನಂತೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಒಳಗೆ ಕರೆದೆ. ಬರಲು ಅವರಿಗೆ ಮನಸ್ಸಿರಲಿಲ್ಲ, ಬಂದರು. ಪುಸ್ತಕ ಅವರ ಕೈಗೆ ಕೊಡುವಂತೆ ಹುಡುಗನಿಗೆ ಹೇಳಿದೆ. ಅವನಿಗೂ ಮನಸ್ಸಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅಂಥ ಯೋಜನೆಯೇನೂ ಇರಲಿಲ್ಲ. ಮಗನ ಕೈಚಳಕ ಕಂಡರೆ ಅಪ್ಪ ಸ್ವಲ್ಪ ಕರಗಬಹುದು ಎಂಬ ಸಾಮಾನ್ಯ ಉಪಾಯವಷ್ಟೇ.

ಮೊದಲ ಪುಟದಲ್ಲಿ ಒಂದು ಗೌನು. ಇಳಕಲ್ ಸೀರೆಯನ್ನು ಕತ್ತರಿಸಿ ಮಾಡಿದ್ದು, ಕೆಂಪು ಟೋಪ ತೆನಿ ಸೆರಗು ಕೆಳಗಿನ ಘೇರಿಗೆ ಬಂದಿದೆ. ಮೇಲ್ಭಾಗ ಗುಳೇದಗುಡ್ಡದ ಖಣದ್ದು, ಮಣಿಕಟ್ಟಿನವರೆಗೆ ಮೈಗೆ ಅಂಟಿದ ಉದ್ದ ತೋಳು. ತೋಳಿನ ಮೇಲೆ ಬಳ್ಳಿಯಂತೆ ಬಳುಕುತ್ತ ಹೋಗುವ ಕಸೂತಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಯಾವ ಹೊಲಿಗೆಯೇ ಇರಲಿ, ಸೂಜಿ ನೆಟ್ಟಗೆ ಹೋಗುತ್ತದೆ, ಅಡ್ಡ ಹೋಗುತ್ತದೆ, ಓರೆಯಾಗಿ ಹೋಗುತ್ತದೆ, ಬಳ್ಳಿಯ ಹಾಗೆ ಬಳುಕುವುದಿಲ್ಲ. ನನ್ನ ಅಜ್ಜಿ ಹಾಕುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹುಡುಗ ಬಿಡಿಸಿದ ಚಿತ್ರ ಮಾತ್ರ ಸುಂದರವಾಗಿತ್ತು.

ತಂದೆ ಪುಸ್ತಕವನ್ನು ದೂರ ಹಿಡಿದು ನೋಡಿದರು. ಕನ್ನಡಕ ತಂದಿರಲಿಲ್ಲ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: “ಇದನ್ನು ಹಾಕಿಕೊಂಡು ಆಕೆ ಕೈ ಎತ್ತುವುದು ಹೇಗೆ?”

“ಇದು ರ‍್ಯಾಂಪಿಗೆ, ಅಪ್ಪಾ” ಎಂದ ಮಗ, ಬೇಸರದಿಂದ.

“ರ‍್ಯಾಂಪಿನ ಮೇಲೆ ಕೈ ಎತ್ತುವುದಿಲ್ಲವೇನು? ಕೂದಲು ಸರಿಮಾಡಿಕೊಳ್ಳುವುದಿಲ್ಲವೇ? ಇಳಿದು ಮನೆಗೆ ಹೋಗುವಾಗ ಬಸ್ಸಿನ ಕಂಬಿ ಹಿಡಿಯುವುದಿಲ್ಲವೇ?” ಎಂದವರು ನನ್ನ ಮೇಜಿನ ಮೇಲಿನ ಪೆನ್ಸಿಲು ಎತ್ತಿಕೊಂಡರು. ಪುಸ್ತಕದಲ್ಲಿ ಗೀಚಲಿಲ್ಲ, ಹಳೆಯ ದಿನಪತ್ರಿಕೆ ಕೇಳಿ ಪಡೆದು ಅದರ ಅಂಚಿನಲ್ಲಿ ಗೀಚಿದರು. ತೋಳು ಇಷ್ಟು ಬಿಗಿಯಿದ್ದರೆ ಕಂಕುಳ ಕೆಳಗೆ ಒಂದು ಚೌಕ ತುಂಡು ಕೂಡಿಸಬೇಕು. ಹಳೆಯ ಕುಪ್ಪಸಗಳಲ್ಲಿ ಹಾಗೇ ಇರುತ್ತಿತ್ತು, ಗದ್ದೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಅದಿಲ್ಲದಿದ್ದರೆ ಮೊದಲ ದಿನವೇ ಹರಿಯುತ್ತದೆ. ಖಣದ ಪನ್ನ (ಬಟ್ಟೆಯ ಅಗಲ) ಸಣ್ಣದು, ಎರಡೂ ಕಡೆ ಅಂಚು, ಉದ್ದ ತೋಳನ್ನು ಅದರಲ್ಲಿ ತೆಗೆಯಲು ಹೋದರೆ ಅಂಚು ಎಲ್ಲಿ ಬಂದು ಕೂರುತ್ತದೆ ನೋಡಿದ್ದೀಯಾ? ಇನ್ನು ಈ ಘೇರು. ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ನೀರಿಗೆ ಬಿದ್ದರೆ ಎರಡೂ ಒಂದೇ ಸಮ ಕುಗ್ಗುವುದಿಲ್ಲ. ಮೊದಲ ಒಗೆತಕ್ಕೇ ನೆರಿಗೆ ಸೊಟ್ಟಗಾಗುತ್ತದೆ.

ಹುಡುಗ ಕಿಟಕಿ ಬಿಟ್ಟು ಈ ಕಡೆ ತಿರುಗಿದ್ದ. “ಚೌಕ ತುಂಡು ಎಷ್ಟು ಇಂಚು?” ಎಂದ.

ಮುಂದಿನ ಇಪ್ಪತ್ತು ನಿಮಿಷ ಆ ಕೋಣೆಯಲ್ಲಿ ನಾನು ಇದ್ದೂ ಇರಲಿಲ್ಲ. ಒಂದು ಹಂತದಲ್ಲಿ ತಂದೆ ಎದ್ದು ನಿಂತು, ಮಗನ ತೋಳು ಹಿಡಿದು ಮೇಲೆತ್ತಿ, ಅಂಗಿ ಸೊಂಟದಿಂದ ಎಷ್ಟು ಮೇಲೆ ಬರುತ್ತದೆಂದು ಬೆರಳಿನಲ್ಲಿ ಅಳೆದು ತೋರಿಸಿದರು. ನಾಲ್ಕು ಬೆರಳು. ಆಮೇಲೆ ಏನನ್ನೋ ನೆನಪಿಸಿಕೊಂಡವರಂತೆ ಕೈ ಬಿಟ್ಟು, ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು. “ಇದನ್ನೆಲ್ಲ ಇವನಿಗೆ ನಾನು ಕಲಿಸುವವನಲ್ಲ, ಅಕ್ಕಾವರೇ. ಹತ್ತು ವರ್ಷದವನಿದ್ದಾಗ ಮಷೀನು ತುಳಿಯಲು ಬಂದ. ಕಪಾಳಕ್ಕೆ ಹೊಡೆದು ಎಬ್ಬಿಸಿದೆ. ಬೇಕೆಂದೇ ಕೂಡಿಸಿಲ್ಲ. ಒಮ್ಮೆ ಕುಳಿತರೆ ಏಳುವುದಿಲ್ಲ ಎಂದು ನನಗೆ ಗೊತ್ತು. ನನ್ನ ಬೆನ್ನು ನೋಡಿ. ಟೇಲರಿಗೆ ಹೆಣ್ಣು ಕೊಡುವವರು ಎಲ್ಲಿದ್ದಾರೆ ಈಗ?”

“ನನ್ನ ಕೈ ಹೊಲಿಗೆಗೆ ಆಗುವುದಿಲ್ಲ ಎಂದು ಎಬ್ಬಿಸಿದೆ ಎಂದುಕೊಂಡಿದ್ದೆ” ಎಂದ ಮಗ.

ತಂದೆ ಉತ್ತರ ಕೊಡಲಿಲ್ಲ. ನಾನೂ ಏನೂ ಸೇರಿಸಲಿಲ್ಲ. ಆ ಹುಡುಗ ಒಂಬತ್ತು ವರ್ಷ ಆ ಏಟಿಗೆ ತನ್ನದೇ ಅರ್ಥ ಕಟ್ಟಿಕೊಂಡು, ಹೊಲಿಗೆಯಿಲ್ಲದ ಡಿಸೈನನ್ನು ಕಲ್ಪಿಸಿಕೊಂಡಿದ್ದ. ಅವನದು ತಾತ್ಸಾರವೆಂದು ನಾನು ಬರೆದುಕೊಂಡಿದ್ದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಖಾಸಗಿ ಸಂಸ್ಥೆಗೆ ಈ ವರ್ಷ ಸಾಲ ಮಾಡಿ ಸೇರುವುದು ಬೇಡ, ಐದು ಸಾವಿರ ಹೋದರೆ ಹೋಗಲಿ. ಬಿ.ಎ.ಗೆ ಹೆಸರು ಹಚ್ಚಬೇಕು, ಅದು ತಂದೆಯ ನಿದ್ದೆಗಾಗಿ. ನಿಫ್ಟ್, ಅಂದರೆ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು. ಅಲ್ಲಿನ ನಾಲ್ಕು ವರ್ಷದ ವಿನ್ಯಾಸ ಪದವಿಗೆ ವಾಣಿಜ್ಯ ಓದಿದವರೂ ಬರೆಯಬಹುದು. 1986ರಲ್ಲಿ ದೆಹಲಿಯಲ್ಲಿ ಶುರುವಾದ ಆ ಸಂಸ್ಥೆ ಬೆಂಗಳೂರಿನಲ್ಲೂ ಇದೆ ಎಂಬುದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿತ್ರ ಬಿಡಿಸಿ ಲಿಖಿತ ಹಂತ ದಾಟಬಹುದು, ಆದರೆ ಮುಂದಿನ ಹಂತದಲ್ಲಿ ಕೊಟ್ಟ ಸಾಮಗ್ರಿಯಿಂದ ಕೈಯಾರೆ ಒಂದು ಮಾದರಿ ಮಾಡಿ ತೋರಿಸಬೇಕು. ಅಲ್ಲಿಯವರೆಗೆ ಹುಡುಗ ಶನಿವಾರ, ಭಾನುವಾರ ಅಪ್ಪನ ಅಂಗಡಿಯಲ್ಲಿ ಕಲಿಯಬೇಕು. ಕಾಜಾ ಗುಂಡಿ, ಫಾಲ್ ಹಚ್ಚುವ ಸಹಾಯಕನ ಕೆಲಸ ಮಾಡಿಸಕೂಡದು. ಅಳತೆ ಮತ್ತು ಕತ್ತರಿ ಮಾತ್ರ. ಸಂಜೆ ಏಳಕ್ಕೆ ಎದ್ದುಬಿಡಬೇಕು. ಈ ಕರಾರನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರ ಸಹಿ ಹಾಕಿಸಿಕೊಂಡೆ. ತಂದೆ ಸಹಿ ಹಾಕಲು ಎರಡು ವಾರ ತೆಗೆದುಕೊಂಡರು.

ಈ ಸಲಹೆಯನ್ನು ಒಬ್ಬ ಸಹೋದ್ಯೋಗಿ ಕಟುವಾಗಿಯೇ ಟೀಕಿಸಿದರು. ಕಸುಬಿನಿಂದ ಬಿಡಿಸಿಕೊಂಡು ಹೊರಟ ಹುಡುಗನನ್ನು ಮತ್ತೆ ಕಸುಬಿಗೇ ಕಟ್ಟಿಹಾಕಿದಿರಿ, ಡಾಕ್ಟರ ಮಗನಿಗಾದರೆ ಹೀಗೆ ಹೇಳುತ್ತಿದ್ದಿರಾ ಎಂದರು. ಆ ಮಾತು ನಾಟಿತು. ಅಪ್ಪನ ಭಯ ಸುಳ್ಳಲ್ಲ. ಹಬ್ಬ, ಮದುವೆಯ ಕಾಲದಲ್ಲಿ ರಾತ್ರಿ ಎರಡರವರೆಗೆ ಬಗ್ಗಿ ಕುಳಿತು, ಒಂದು ಜಂಪರಿಗೆ ಸಿಗುವ ಹಣದಲ್ಲಿ ಅಸ್ತರು, ದಾರ, ಕರೆಂಟು ಕಳೆದು ಉಳಿಸಿಕೊಳ್ಳುವ ಮನುಷ್ಯ ಮಗನನ್ನು ಅಲ್ಲಿಂದ ದೂರ ಇಡಲು ನೋಡಿದರೆ ಅದನ್ನು ಹಿಂದುಳಿದ ಯೋಚನೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಾಳೆಯಲ್ಲಿ ಏಳು ಗಂಟೆ ಎಂದು ಬರೆಸಿದ್ದು ಅದಕ್ಕೇ. ಆದರೂ ಸಹೋದ್ಯೋಗಿಯ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಬಳಿ ಇದೆ ಎಂದು ಹೇಳಲಾರೆ.

ನಾನು ಹೀಗೆ ಎಚ್ಚರವಾದದ್ದಕ್ಕೆ ಹಳೆಯದೊಂದು ಪ್ರಕರಣವೂ ಕಾರಣ. ಹತ್ತು ವರ್ಷದ ಹಿಂದೆ ಗದಗ ಕಡೆಯ ಒಬ್ಬ ಹುಡುಗಿಗೆ, ನಿನ್ನ ಮನಸ್ಸು ಹೇಳಿದಂತೆ ಮಾಡು ಎಂದು ಧೈರ್ಯ ತುಂಬಿ, ಮನೆಯವರನ್ನು ಒಪ್ಪಿಸಿ ಇಂಥದೇ ಸಂಸ್ಥೆಗೆ ಕಳಿಸಿದ್ದೆ. ಭಾಷಣ ಚೆನ್ನಾಗಿ ಮಾಡಿದ್ದೆ ಎಂದು ಆಗ ನನಗೇ ಹೆಮ್ಮೆಯಿತ್ತು. ಮೂರು ವರ್ಷದ ನಂತರ ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯಲ್ಲಿ ನನ್ನ ಮುಂದೆ ಸೀರೆ ಬಿಡಿಸಿ ಮಡಚುತ್ತಿದ್ದವಳು ಅವಳೇ. ಗುರುತು ಹಿಡಿದು ನಕ್ಕಳು. ಸಾಲದ ಕಂತು ಇನ್ನೂ ಇತ್ತು. ಸೀರೆ ಮಡಚುವುದು ಕೀಳು ಕೆಲಸವಲ್ಲ, ಆದರೆ ಅದಕ್ಕೆ ಸಾಲ ಬೇಕಿರಲಿಲ್ಲ. ಆ ಸಂಸ್ಥೆಯಲ್ಲಿ ಮೂರು ವರ್ಷದಲ್ಲಿ ಅವಳು ಹೊಲಿದದ್ದು ನಾಲ್ಕೇ ಉಡುಪು, ನಲವತ್ತು ಮಕ್ಕಳಿಗೆ ಆರು ಮಷೀನು.

ಆದ್ದರಿಂದ ತಂದೆತಾಯಿಗಳಿಗೆ ಒಂದು ಮಾತು. ಸಂಸ್ಥೆಗೆ ಹೋದಾಗ ಸ್ವಾಗತ ಕೋಣೆಯ ಫೋಟೋಗಳನ್ನು ನೋಡಿ ಬರಬೇಡಿ. ಹೊಲಿಗೆ ಕೋಣೆ ತೋರಿಸಿ ಎನ್ನಿ. ಮಷೀನು ಎಣಿಸಿ, ಅವುಗಳ ಮೇಲೆ ಧೂಳಿದೆಯೋ ದಾರದ ಚೂರುಗಳಿವೆಯೋ ನೋಡಿ. ಹೋದ ವರ್ಷ ಮುಗಿಸಿದ ಇಬ್ಬರ ಫೋನ್ ನಂಬರ್ ಕೇಳಿ, ಕೊಡದಿದ್ದರೆ ಎದ್ದು ಬನ್ನಿ. ಫ್ಯಾಷನ್ ಎಂದರೆ ಹೆಸರು ಮಾಡಿದ ಡಿಸೈನರ್ ಒಬ್ಬರೇ ಅಲ್ಲ. ಅಳತೆಯ ಕಾಗದ ಕತ್ತರಿಸುವ ಪ್ಯಾಟರ್ನ್ ಮಾಸ್ಟರ್, ಮಾದರಿ ಉಡುಪು ಹೊಲಿಯುವವರು, ಬಟ್ಟೆ ಪರೀಕ್ಷಿಸುವವರು, ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸರ್, ಇವರೆಲ್ಲರ ದುಡಿಮೆಯ ಮೇಲೆ ಬೆಂಗಳೂರಿನ ಗಾರ್ಮೆಂಟ್ ಉದ್ಯಮ ನಡೆಯುತ್ತದೆ. ವಿಜ್ಞಾನ ಓದಿದ ಮಕ್ಕಳಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ಜವಳಿ ಮತ್ತು ಉಡುಪು ವಿನ್ಯಾಸದ ವಿಭಾಗವೇ ಇದೆ. ಕಡಿಮೆ ಖರ್ಚಿನಲ್ಲಿ ಕೈ ಪಳಗಬೇಕೆಂದರೆ ಐಟಿಐಗಳಲ್ಲಿ ಒಂದು ವರ್ಷದ ಹೊಲಿಗೆ ತಂತ್ರಜ್ಞಾನ ಕೋರ್ಸ್ ಇದೆ.

ಮಕ್ಕಳಿಗೂ ಒಂದು ಮಾತಿದೆ, ಸ್ವಲ್ಪ ಸಿಟ್ಟಿನದು. ನೀವು ಪ್ಯಾರಿಸ್, ಮಿಲಾನ್ ಎನ್ನುತ್ತೀರಿ, ಬೆಟಗೇರಿಯ ಮಗ್ಗ ನೋಡಿರುವುದಿಲ್ಲ. ನವಲಗುಂದದ ಜಮಖಾನೆ ಯಾರು ನೇಯುತ್ತಾರೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೀರಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಅಲ್ಲಿ ಉದ್ದ ಅಗಲ ಮೂರಕ್ಕೆ ಎರಡು ಎಂದರೆ ಎರಡೇ, ಚಕ್ರದ 24 ಗೆರೆ ಎರಡೂ ಬದಿ ಒಂದರ ಮೇಲೊಂದು ಕೂರಬೇಕು. ಹೊಲಿಗೆಯ ಶಿಸ್ತು ಏನೆಂದು ತಿಳಿಯಲು ಅಷ್ಟು ಹತ್ತಿರದಲ್ಲಿ ಇನ್ನೇನು ಬೇಕು? ಇನ್ನು ನಮ್ಮ ಕಡೆಯವರು ಯಾರು ಹೆಸರು ಮಾಡಿದ್ದಾರೆ ಎಂದು ಕೇಳುವವರಿಗೆ, ವಸ್ತ್ರ ವಿನ್ಯಾಸಕ್ಕಾಗಿ 1983ರಲ್ಲಿ ಆಸ್ಕರ್ ಪಡೆದ ಮೊದಲ ಭಾರತೀಯರಾದ ಭಾನು ಅಥೈಯಾ ಇಲ್ಲೇ ಪಕ್ಕದ ಕೊಲ್ಹಾಪುರದವರು.

ಹುಡುಗ ಅಂಗಡಿಯಲ್ಲಿ ಎಂಟು ತಿಂಗಳು ಕಲಿತ. ನಡುವೆ ಎರಡು ಸಲ ಮುನಿಸಿಕೊಂಡು ಬಿಟ್ಟ. ಮದುವೆ ಸೀಸನ್‌ನಲ್ಲಿ ತಂದೆ ಏಳು ಗಂಟೆಯ ಕರಾರು ಮುರಿದರು, ನಾನು ಫೋನ್ ಮಾಡಿ ಹಾಳೆ ನೆನಪಿಸಿದೆ. ಮೊದಲು ಹೊಲಿದ ಜಂಪರನ್ನು ಅವನ ತಾಯಿ ಹಾಕಿಕೊಂಡು, ಕೈ ಎತ್ತಿ ತೋರಿಸಿದರಂತೆ. ಎಡ ಕಂಕುಳಲ್ಲಿ ಪರ‍್ರೆಂದು ಬಿಟ್ಟಿತಂತೆ.

ಪರೀಕ್ಷೆ ಬರೆದ. ಎರಡನೆಯ ಹಂತಕ್ಕೆ ಕರೆ ಬಂದಿದೆ. ಹೋದ ವಾರ ತಂದೆ ಫೋನ್ ಮಾಡಿದ್ದರು. ಕತ್ತರಿ ಅಲ್ಲಿಯವರೇ ಕೊಡುತ್ತಾರೋ, ನಾವೇ ಒಯ್ಯಬೇಕೋ ಎಂದು ಕೇಳಿದರು. ತಮ್ಮದಕ್ಕೆ ಸಾಣೆ ಹಿಡಿಸಿಟ್ಟಿದ್ದಾರಂತೆ. ಪ್ರವೇಶ ಪತ್ರದಲ್ಲಿ ಬರೆದಿರುತ್ತದೆ, ನೋಡಿ ಎಂದೆ. ಫೋನ್ ಇಡುವ ಮುನ್ನ, ಸೀಟು ಸಿಗದಿದ್ದರೆ ಮಾತ್ರ ಸಪ್ತಾಪುರವೇ ಗಟ್ಟಿ, ಆಗ ನೀವು ನಡುವೆ ಬರಬಾರದು ಎಂದರು.