ಓದುಗರ ಪ್ರಶ್ನೆ: ಡಿಪಿಐ ಏರಿಸಿದರೂ ಫೋಟೊ ಮಸುಕೇಕೆ?

ಪ್ರಶ್ನೆ: ಶಾಲೆಯ ಸ್ಮರಣ ಸಂಚಿಕೆಗೆ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ, ಶೃಂಗಿ ತೀರ್ಥದ ಫೋಟೊ ಕೊಟ್ಟಿದ್ದೆವು. ಅಳತೆ 1280 × 960 ಪಿಕ್ಸೆಲ್. ಪ್ರೆಸ್‌ನವರು 300 ಡಿಪಿಐ ಬೇಕೆಂದರು. ಫೋಟೊಶಾಪ್‌ನಲ್ಲಿ 72 ಇದ್ದದ್ದನ್ನು 300 ಮಾಡಿದೆ. ಆದರೂ ಮೆಟ್ಟಿಲುಗಳೆಲ್ಲ ಕಲಸಿಹೋಗಿವೆ.
– ಶಿಕ್ಷಕಿ, ಚಿಕ್ಕಬಳ್ಳಾಪುರ

ಉತ್ತರ: ಫೋಟೊದ ವಿವರವೆಲ್ಲ ಇರುವುದು ಬಣ್ಣದ ಪುಟ್ಟ ಚುಕ್ಕಿಗಳಾದ ಪಿಕ್ಸೆಲ್‌ಗಳಲ್ಲಿ. ಕಾಗದದ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಕೂರಿಸಬೇಕು ಎಂಬ ಸೂಚನೆಯೇ ಡಿಪಿಐ, ಅಷ್ಟೇ. ನೀವು 300 ಎಂದು ಬರೆದಾಗ ‘ರೀಸ್ಯಾಂಪಲ್’ (ಪಿಕ್ಸೆಲ್ ಸಂಖ್ಯೆಯನ್ನೇ ಬದಲಿಸುವ ಆಯ್ಕೆ) ಎದುರಿನ ಟಿಕ್ ಹಾಗೇ ಉಳಿದಿರಬೇಕು. ಆಗ ಚಿತ್ರ 5333 × 4000 ಆಗಿಬಿಡುತ್ತದೆ. 12 ಲಕ್ಷ ಪಿಕ್ಸೆಲ್ ಇದ್ದದ್ದು 2 ಕೋಟಿ 13 ಲಕ್ಷಕ್ಕೆ ಏರುತ್ತದೆ. ಹೆಚ್ಚಾದವೆಲ್ಲ ಅಕ್ಕಪಕ್ಕದ ಬಣ್ಣ ನೋಡಿ ಕಂಪ್ಯೂಟರ್ ತಾನೇ ತುಂಬಿದ್ದು. ಎರಡು ಮೆಟ್ಟಿಲ ನಡುವಿನ ನೆರಳಿನ ಗೆರೆಗೆ ಮೊದಲು ಒಂದೇ ಪಿಕ್ಸೆಲ್ ಇತ್ತು ಎನ್ನಿ, ಈಗ ಅದು ನಾಲ್ಕು ಪಿಕ್ಸೆಲ್ ಅಗಲದ ಬೂದು ಪಟ್ಟಿ. ಕಲಸಿದಂತೆ ಕಾಣುವುದು ಅದಕ್ಕೇ.

ಟಿಕ್ ತೆಗೆದು 300 ಹಾಕಿ ನೋಡಿ. ಅಗಲ 4.27 ಇಂಚು, ಎತ್ತರ 3.2 ಇಂಚು ಎಂದು ತೋರಿಸುತ್ತದೆ. ಈ ಫೋಟೊ ಚೊಕ್ಕವಾಗಿ ಅಚ್ಚಾಗುವುದು ಅಷ್ಟು ಅಳತೆಗೆ ಮಾತ್ರ. 200ಕ್ಕೆ ಇಳಿಸಿದರೆ 6.4 ಇಂಚಿನವರೆಗೆ ಎಳೆಯಬಹುದು. ಕಲ್ಲಿನ ಕೆಲಸ ಇರುವ ಚಿತ್ರಕ್ಕೆ ಅದಕ್ಕಿಂತ ಕೆಳಗೆ ಹೋಗಬೇಡಿ. ಎ4 ಪುಟದ ಪೂರ್ತಿ ಅಗಲಕ್ಕಾದರೆ 2480 ಪಿಕ್ಸೆಲ್ ಬೇಕು.

ಅಂದಹಾಗೆ, 1280 × 960 ಎಂದರೆ ಬಹುಶಃ ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದ ಪ್ರತಿ. ಫೋಟೊ ತೆಗೆದವರಿಂದ ಮೂಲ ಫೈಲನ್ನು ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಿ. 12 ಮೆಗಾಪಿಕ್ಸೆಲ್ ಕ್ಯಾಮೆರಾದ್ದಾದರೆ 4000 × 3000 ಇರುತ್ತದೆ. 300 ಡಿಪಿಐಗೆ 13 ಇಂಚು ಅಗಲ ಧಾರಾಳವಾಗಿ ಬರುತ್ತದೆ.

ಪ್ರಶ್ನೆ: 6 × 4 ಅಡಿ ಫ್ಲೆಕ್ಸ್‌ಗೆ 300 ಡಿಪಿಐ ಇಟ್ಟರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ.
– ಓದುಗರು, ಕೋಲಾರ

ಉತ್ತರ: ಅದು 21600 × 14400 ಪಿಕ್ಸೆಲ್ ಆಯಿತು, ಚಿತ್ರದ ಒಂದು ಪದರಕ್ಕೇ, ಅಂದರೆ ಒಂದು ಲೇಯರ್‌ಗೇ ಸುಮಾರು 900 ಎಂಬಿ ಮೆಮೊರಿ ಬೇಕು. ಹತ್ತು ಅಡಿ ದೂರದಿಂದ ನೋಡುವ ಫ್ಲೆಕ್ಸ್‌ಗೆ 72 ಸಾಕು, ಸಣ್ಣ ಅಕ್ಷರ ಇದ್ದರೆ 100.

ಪ್ರಶ್ನೆ: ಆನ್‌ಲೈನ್ ಅರ್ಜಿಗೆ 3.5 × 4.5 ಸೆಂ.ಮೀ., 50 ಕೆಬಿ ಒಳಗಿನ ಫೋಟೊ ಕೇಳುತ್ತಾರೆ. ಪೇಂಟ್‌ನಲ್ಲಿ ಕುಗ್ಗಿಸಿದರೆ ಒಂದೋ 90 ಕೆಬಿ, ಇಲ್ಲವೇ ಮುಖ ಮಂಜು.
– ಸೈಬರ್ ಸೆಂಟರ್ ನಡೆಸುವವರು, ತುಮಕೂರು

ಉತ್ತರ: ಪೇಂಟ್‌ನಲ್ಲಿ ಜೆಪೆಗ್‌ನ ಕ್ವಾಲಿಟಿ ಹೊಂದಿಸುವ ಸೌಲಭ್ಯವಿಲ್ಲ. ಹಾಗಾಗಿ ಕೆಬಿ ಇಳಿಸಲು ಅಳತೆಯನ್ನೇ ಕಡಿಯಬೇಕಾಗುತ್ತದೆ, ಮುಖ ಹಾಳಾಗುವುದು ಅಲ್ಲೇ. ಉಚಿತವಾಗಿ ಸಿಗುವ, ಫೋಟೊ ತಿದ್ದುವ ತಂತ್ರಾಂಶ ಗಿಂಪ್ ಹಾಕಿಕೊಳ್ಳಿ. ಕ್ರಾಪ್ ಟೂಲ್‌ನಲ್ಲಿ ಅನುಪಾತ 7:9 ಕೊಟ್ಟು ಕತ್ತರಿಸಿ, ‘ಸ್ಕೇಲ್ ಇಮೇಜ್’ನಲ್ಲಿ 413 × 531 ಪಿಕ್ಸೆಲ್, ರೆಸಲ್ಯೂಶನ್ 300 ಎಂದು ಹಾಕಿ. ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂ ಟಿಕ್ ಮಾಡಿದರೆ ಎಷ್ಟು ಕೆಬಿ ಎಂದು ಅಲ್ಲೇ ಕಾಣುತ್ತದೆ. ಕ್ವಾಲಿಟಿಯನ್ನು 85ರಿಂದ ಇಳಿಸುತ್ತ ಬಂದು, 50 ಕೆಬಿಯೊಳಗೆ ಬಂದಕೂಡಲೇ ನಿಲ್ಲಿಸಿ. ಎಕ್ಸಿಫ್ (ಕ್ಯಾಮೆರಾ ಬರೆದಿಟ್ಟ ಮಾಹಿತಿ) ಮತ್ತು ಥಂಬ್‌ನೇಲ್ ಟಿಕ್ ತೆಗೆದರೆ ಇನ್ನೂ ಕೆಲವು ಕೆಬಿ ಉಳಿಯುತ್ತದೆ. ಡಿಪಿಐ ಬದಲಿಸಿದ ಮಾತ್ರಕ್ಕೆ ಕೆಬಿ ಇಳಿಯುವುದಿಲ್ಲ.

ಸರಿಬರದಿದ್ದರೆ ಆ ಸಣ್ಣ ಫೈಲನ್ನೇ ತೆರೆದು ಮತ್ತೆ ತಿದ್ದಬೇಡಿ. ಜೆಪೆಗ್ ಪ್ರತಿ ಸಲ ಸೇವ್ ಆದಾಗಲೂ ಒಂದಿಷ್ಟು ವಿವರ ಕಳೆದುಕೊಳ್ಳುತ್ತದೆ. ಮೂಲ ಫೋಟೊದಿಂದಲೇ ಹೊಸದಾಗಿ ಶುರುಮಾಡಿ.