ಮಗನ ಮನೆಯಲ್ಲಿ ಅಮ್ಮ ಉಪ್ಪಿನ ಡಬ್ಬಿ ಹುಡುಕಲಿ

ಬೇರೆ ಊರು ಸೇರಿದ ಮಗನ ಮನೆಗೆ ಹೇಳದೆ ಕೇಳದೆ ಬಂದಿಳಿಯುವ ಅಮ್ಮನ ಬಗ್ಗೆ 15 ನಿಮಿಷದ ಹಾಸ್ಯ ಕಿರುಚಿತ್ರ ಬರೆಯುತ್ತಿದ್ದೀರಿ. ‘ಅದರ್‌ಹುಡ್’ ನೋಡಿ, ಅದರಿಂದ ಏನು ತಗೊಳ್ಳಲಿ, ಏನು ಬಿಡಲಿ ಅಂತ ಕೇಳಿದ್ದೀರಿ.

ನೋಡದವರಿಗೆ ಚುಟುಕಾಗಿ: 2019ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ, ಸಿಂಡಿ ಚುಪಾಕ್ ನಿರ್ದೇಶಿಸಿದ ಚಿತ್ರ. ಅಮ್ಮಂದಿರ ದಿನಕ್ಕೂ ಮಕ್ಕಳು ಸರಿಯಾಗಿ ನೆನೆಯಲಿಲ್ಲವೆಂದು ನೊಂದ ಮೂವರು ಗೆಳತಿಯರು ಪಕೀಪ್ಸಿ ಅನ್ನುವ ಅಮೆರಿಕದ ಊರಿನಿಂದ ಕಾರಿನಲ್ಲಿ ನ್ಯೂಯಾರ್ಕ್‌ ನಗರಕ್ಕೆ ಹೊರಟು, ಒಬ್ಬೊಬ್ಬರೂ ತಮ್ಮ ಮಗನ ಮನೆ ಬಾಗಿಲು ತಟ್ಟುತ್ತಾರೆ.

ಆ ಬಾಗಿಲನ್ನು ತಗೊಳ್ಳಿ. ಇಷ್ಟು ವರ್ಷ ಮನೆ ಅಮ್ಮನದು, ಮಗ ಕೇಳಿ ತಿನ್ನುವವನು. ಈಗ ಮನೆ ಅವನದು, ಅಮ್ಮ ನೆಂಟಳು. ನಗು ಇರುವುದೇ ಈ ಅದಲುಬದಲಿನಲ್ಲಿ. “ಉಪ್ಪು ಎಲ್ಲಿಟ್ಟಿದ್ದೀಯೋ?” ಅಂತ ಅಮ್ಮ ಕೇಳಬೇಕು. ಮರುದಿನ ಬೆಳಗ್ಗೆ ಡಬ್ಬಿಗಳೆಲ್ಲ ಜಾಗ ಬದಲಿಸಿರಬೇಕು, “ಅಮ್ಮಾ, ಕಾಫಿಪುಡಿ ಎಲ್ಲಿ?” ಅಂತ ಮಗ ತನ್ನದೇ ಅಡುಗೆಮನೆಯಲ್ಲಿ ತಡಕಾಡಬೇಕು. ಮೂರನೇ ಸಲ ಯಾರೂ ಕೇಳಬಾರದು. ಒಬ್ಬರು ಸುಮ್ಮನೆ ಡಬ್ಬಿ ತೆಗೆದು ಇನ್ನೊಬ್ಬರ ಕೈಗಿಡಲಿ. ಇಷ್ಟಕ್ಕೆ ಮಾತೂ ಬೇಡ, ಹಿನ್ನೆಲೆ ಸಂಗೀತವೂ ಬೇಡ.

ಬಿಡಬೇಕಾದ್ದು ಮೂರು ಎಳೆಗಳನ್ನು. ಸುಮಾರು 100 ನಿಮಿಷದಲ್ಲಿ ಮೂರು ತಾಯಿ, ಮೂರು ಮಕ್ಕಳು. ಒಂದು ನೋವು ನಮ್ಮೊಳಗೆ ಇಳಿಯುವಷ್ಟರಲ್ಲಿ ಕಥೆ ಇನ್ನೊಂದು ಮನೆಗೆ ಹೋಗಿಬಿಡುತ್ತದೆ. ನನ್ನ ಪ್ರಕಾರ ಗಟ್ಟಿಯಾಗಿ ನಿಲ್ಲುವುದು ಫೆಲಿಸಿಟಿ ಹಫ್‌ಮನ್ ಮಾಡಿದ ಹೆಲನ್ ಎಳೆ. ಮಗ ಸಲಿಂಗಿ ಅನ್ನುವುದಲ್ಲ ಅವಳ ಸಂಕಟ, ತನಗೆ ಹೇಳಲಿಲ್ಲವಲ್ಲ ಅನ್ನುವುದು. ಅವಳದೂ ಸರಿ, ಅವನದೂ ಸರಿ. ನಿಮ್ಮ 15 ನಿಮಿಷಕ್ಕೆ ಒಬ್ಬ ಅಮ್ಮ, ಒಬ್ಬ ಮಗ, ಒಂದು ಮನೆ, ಮುಚ್ಚಿಟ್ಟ ಒಂದೇ ವಿಷಯ ಸಾಕು.

ಇಂಥ ಕಥೆ ಹೆಚ್ಚಾಗಿ ಕೆಡುವುದು ಎರಡು ಕಡೆ. ಅಮ್ಮ ಬರೀ ಗೊಣಗುವವಳಾದರೆ ಐದನೇ ನಿಮಿಷಕ್ಕೆ ನೋಡುವವರಿಗೆ ಸಾಕಾಗುತ್ತದೆ. ಅವಳಿಗೂ ತನ್ನದೇ ಒಂದು ಆಸೆ ಇರಲಿ: ಸ್ಕೂಟರ್ ಕಲಿಯುವುದೋ, ಮನೆ ಬಾಡಿಗೆಗೆ ಕೊಡುವುದೋ. ಮಗ ಕಲ್ಲುಮನಸ್ಸಿನವನಾದರೆ ಅದು ಹಾಸ್ಯವಾಗಿ ಉಳಿಯುವುದಿಲ್ಲ. ಫೋನ್ ಮಾಡದಿರಲು ಅವನಿಗೆ ನಂಬುವಂಥ ಕಾರಣ ಕೊಡಿ. ಕೆಲಸ ಹೋಗಿದೆ, ಹೇಳಲು ಬಾಯಿ ಬರುತ್ತಿಲ್ಲ, ಅಷ್ಟು ಸಾಕು.

ಅಳತೆಗೆ, ಚಿತ್ರಕಥೆಯ ಒಂದು ಪುಟ ಅಂದರೆ ಪರದೆಯ ಮೇಲೆ ಒಂದು ನಿಮಿಷ ಅನ್ನುವ ಲೆಕ್ಕವನ್ನೇ ನೆಚ್ಚಬೇಡಿ, ಕೈಬರಹದಲ್ಲಿ ಅದು ತಪ್ಪುತ್ತದೆ. ಗಡಿಯಾರ ಇಟ್ಟುಕೊಂಡು, ನಟರು ಓಡಾಡುವ ಜಾಗಗಳಲ್ಲಿ ನಿಲ್ಲಿಸಿ ನಿಲ್ಲಿಸಿ, ಗಟ್ಟಿಯಾಗಿ ಓದಿ. 13 ನಿಮಿಷ ದಾಟಿದರೆ ಕತ್ತರಿಸಿ, ಯಾಕೆಂದರೆ ನಗುವಿಗೆ ಬಿಡುವು ಬೇಕು. ಬಾಗಿಲು ತಟ್ಟುವುದು ಎರಡನೇ ನಿಮಿಷದೊಳಗೆ, ಗುಟ್ಟು ಬಯಲಾಗುವುದು ಒಂಬತ್ತನೇ ನಿಮಿಷದ ಹೊತ್ತಿಗೆ.

ಅಮ್ಮ ಮಗನಿಗೆ ಮೆಸೇಜ್ ಮಾಡುವ ದೃಶ್ಯಕ್ಕೆ ವಾಟ್ಸಾಪ್ ಪರದೆಯನ್ನು ತೋರಿಸಲು ಹೋಗಬೇಡಿ. ಮೊಬೈಲಿನಲ್ಲಿ ಚಿತ್ರ ನೋಡುವವರಿಗೆ ಅಕ್ಷರ ಕಾಣುವುದಿಲ್ಲ. ಬದಲಿಗೆ ಅಮ್ಮ ವಾಯ್ಸ್ ಮೆಸೇಜ್ ಮಾಡಲಿ. ಮೊದಲನೆಯದು 20 ಸೆಕೆಂಡಿನ ದೂರು, ಅಳಿಸುತ್ತಾಳೆ. ಎರಡನೆಯದು 10 ಸೆಕೆಂಡಿನ ಬುದ್ಧಿಮಾತು, ಅದನ್ನೂ ಅಳಿಸುತ್ತಾಳೆ. ಕಳಿಸುವುದು “ಊಟ ಆಯ್ತಾ?” ಅಷ್ಟನ್ನೇ. ಈ ಮೂರನ್ನೂ ಫ್ಯಾನ್ ನಿಲ್ಲಿಸಿ, ಮೈಕ್ ಹತ್ತಿರವಿಟ್ಟು ರೆಕಾರ್ಡ್ ಮಾಡಿ. ಮೂರನೆಯದಕ್ಕೆ ಮೊದಲು ಅವಳು ಉಸಿರು ಎಳೆದುಕೊಳ್ಳುವುದು ಕೇಳಿಸಬೇಕು.